ಪಾಸ್ತಾ ಮತ್ತು ಮೊಸರಿನ ಸಾಸು: ಒಂದು ಪಾಕಕ್ರಮದ ಇತಿಹಾಸ

1

ಗೋಧಿಯ ಕಣಕವನ್ನು ಲಟ್ಟಿಸಿ, ಕೊಯ್ದು, ನೀರಿನಲ್ಲಿ ಬೇಯಿಸಿ ಸಿದ್ಧಪಡಿಸುವ ಆಹಾರಕ್ಕೆ ಇಂದು ಪ್ರಪಂಚದ ಬಹುಭಾಗದಲ್ಲಿ ಪಾಸ್ತಾ ಎಂಬ ಇಟಲಿಯ ಹೆಸರೇ ರೂಢವಾಗಿದೆ. ಅದರೊಡನೆ ಕಲಸುವ ನಯವಾದ ಬಿಳಿಯ ಸಾಸು ಎಂದೊಡನೆ ಹಸಿಯ ಕೆನೆಯಿಂದ ಮಾಡಿದ್ದೆಂದು ಭಾವಿಸುವುದು ವಾಡಿಕೆ. ಕೆನೆಯ ಸ್ಥಾನದಲ್ಲಿ ಮೊಸರನ್ನಾಗಲಿ ಹೆಪ್ಪುಗೊಂಡ ಹುಳಿಗೆನೆಯನ್ನಾಗಲಿ ಬಳಸಿದರೆ ಅದನ್ನು ಮೂಲದಿಂದ ದೂರ ಸರಿದ ಮಾರ್ಪಾಡೆಂದೂ, ಕೊಬ್ಬನ್ನೋ ವೆಚ್ಚವನ್ನೋ ತಗ್ಗಿಸುವ ಉಪಾಯವೆಂದೂ ಎಣಿಸುವುದುಂಟು. ಈ ಎಣಿಕೆ ಇತಿಹಾಸಕ್ಕೆ ಎಷ್ಟರಮಟ್ಟಿಗೆ ಸಮ್ಮತವಾದುದು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಅಡುಗೆಯ ಚರಿತ್ರೆಗೆ ಶಾಸನಗಳ ಬೆಂಬಲ ಅಪೂರ್ವ. ತಿಂದುದು ಉಳಿಯುವುದಿಲ್ಲ, ಬೇಯಿಸಿದ ಮಡಕೆ ಒಡೆಯುತ್ತದೆ. ಆದುದರಿಂದ ನಿಘಂಟುಗಳು, ವೈದ್ಯಗ್ರಂಥಗಳು, ಪಾಕಗ್ರಂಥಗಳು, ಪ್ರವಾಸಿಗಳ ವೃತ್ತಾಂತಗಳು ಇವೇ ನಮಗೆ ಮುಖ್ಯವಾದ ಆಧಾರಗಳು. ಕನ್ನಡದಲ್ಲಿ ಕ್ರಿ.ಶ. 1025ರ ಸುಮಾರಿನ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ವು ಸೂಪಶಾಸ್ತ್ರಕ್ಕೆ ಎಡೆಗೊಟ್ಟಂತೆ, ಅರಬ್ಬೀ, ತುರ್ಕಿ, ಚೀನೀ ಭಾಷೆಗಳಲ್ಲಿಯೂ ಮಧ್ಯಯುಗದಲ್ಲಿ ಇಂಥ ಬರಹಗಳು ಹುಟ್ಟಿದವು. ಅವುಗಳಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಕೆಲವನ್ನು ಮಾತ್ರ ಇಲ್ಲಿ ಎತ್ತಿಕೊಳ್ಳಲಾಗಿದೆ.

2

ಗ್ರಂಥಗಳನ್ನು ತೆರೆಯುವ ಮೊದಲು ಪದಾರ್ಥದ ಸ್ವಭಾವವನ್ನು ಅರಿಯುವುದು ಅವಶ್ಯಕ. ಮುಂದೆ ಬರುವ ಪಾಕಕ್ರಮಗಳ ಮರ್ಮವೆಲ್ಲ ಅದರಲ್ಲಿದೆ. ಹಾಲಿಗೆ ಹೆಪ್ಪು ಹಾಕಿದಾಗ ಹೆಪ್ಪಿನಲ್ಲಿರುವ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವನ್ನಾಗಿ ಮಾರ್ಪಡಿಸುತ್ತವೆ. ಹುಳಿ ಏರುತ್ತ ಏರುತ್ತ ಪಿ.ಎಚ್. ಮಾನವು 4.6ರ ಸಮೀಪಕ್ಕೆ ಇಳಿದಾಗ, ಹಾಲಿನಲ್ಲಿ ಬಿಡಿಬಿಡಿಯಾಗಿ ತೇಲುತ್ತಿದ್ದ ಕೇಸೀನ್ ಎಂಬ ಪ್ರೋಟೀನಿನ ಕಣಗಳು ಒಂದನ್ನೊಂದು ದೂರ ತಳ್ಳುವ ಶಕ್ತಿಯನ್ನು ಕಳೆದುಕೊಂಡು, ಬಲೆಯಂತೆ ಹೆಣೆದುಕೊಂಡು, ನೀರನ್ನು ತಮ್ಮೊಳಗೆ ಹಿಡಿದಿಡುತ್ತವೆ. ಇದೇ ಮೊಸರು. ಇದನ್ನು ಹಾಗೆಯೇ ಕುದಿಸಿದರೆ ಬಲೆ ಬಿಗಿದು ಕುಗ್ಗಿ ನೀರನ್ನು ಹೊರದೂಡುತ್ತದೆ; ನಯ ಹೋಗಿ ತರಿ ಉಳಿಯುತ್ತದೆ. ಮೊಸರು ‘ಒಡೆಯಿತು’ ಎಂದು ಗೃಹಿಣಿಯರು ಹೇಳುವುದು ಈ ಅವಸ್ಥೆಯನ್ನೇ.

ಬಿಸಿಯಾದ ಆಹಾರದೊಡನೆ ಮೊಸರನ್ನು ಒಡೆಯದಂತೆ ಕೂಡಿಸಬೇಕಾದರೆ ಇರುವ ಮಾರ್ಗಗಳು ಕೆಲವೇ. ಮೊದಲನೆಯದು, ಮೊಸರಿಗೆ ಬೆಂಕಿಯನ್ನೇ ತೋರಿಸದಿರುವುದು. ಬೆಂದ ಪದಾರ್ಥವನ್ನು ಒಲೆಯಿಂದ ಇಳಿಸಿದ ಮೇಲೆ ಬೆರೆಸುವುದು. ಎರಡನೆಯದು, ಹಿಟ್ಟನ್ನೋ ಮೊಟ್ಟೆಯನ್ನೋ ಮುಂಚಿತವಾಗಿ ಕದಡಿ ಸೇರಿಸುವುದು. ಉಬ್ಬಿದ ಪಿಷ್ಟವು ಕೇಸೀನಿನ ಕಣಗಳ ನಡುವೆ ನಿಂತು ಅವು ಗಂಟುಗಟ್ಟದಂತೆ ತಡೆಯುತ್ತದೆ. ಮೂರನೆಯದು, ಕೊಬ್ಬಿನ ಅಂಶ ಹೆಚ್ಚಾಗಿಯೂ ಕೇಸೀನಿನ ಅಂಶ ಕಡಮೆಯಾಗಿಯೂ ಇರುವ ಹುಳಿಗೆನೆಯನ್ನು ಬಳಸುವುದು. ನೂರಕ್ಕೆ ಮೂವತ್ತರಷ್ಟು ಕೊಬ್ಬುಳ್ಳ ಕೆನೆಗೆ ಹೆಪ್ಪು ಹಾಕಿ ಮಾಡುವ ಫ್ರೆಂಚರ ಹುಳಿಗೆನೆ ಕುದಿಗೂ ಸುಲಭವಾಗಿ ಒಡೆಯದು. ನಾಲ್ಕನೆಯದು, ಮೊಸರಿನ ನೀರನ್ನು ಮೊದಲೇ ತೆಗೆದು ಒಣಗಿಸಿಟ್ಟು, ಬೇಕಾದಾಗ ಅರೆದು ಕದಡಿಕೊಳ್ಳುವುದು.

ಈ ಮಾರ್ಗಗಳಲ್ಲಿ ಮೊದಲಿನ ಎರಡು ನಮ್ಮ ಓದುಗರಿಗೆ ಅಪರಿಚಿತವಲ್ಲ. ಮಜ್ಜಿಗೆಹುಳಿಗೆ ನೆನೆಸಿದ ಕಡಲೆಬೇಳೆಯನ್ನು ತೆಂಗಿನತುರಿಯೊಡನೆ ಅರೆದು ಹಾಕುವುದೂ, ಹುಳಿಮಜ್ಜಿಗೆ ಬೆರೆತ ಮೇಲೆ ಉರಿಯನ್ನು ತಗ್ಗಿಸಿ ಒಂದು ಕುದಿ ಬರುತ್ತಲೇ ಇಳಿಸುವುದೂ ರುಚಿಗಾಗಿ ಮಾತ್ರವಲ್ಲ. ಮೊಸರು ಶಾವಿಗೆಗೆ ಶಾವಿಗೆ ಆರಿದ ಮೇಲೆಯೇ ಮೊಸರು ಕಲಸುತ್ತಾರೆ. ಪದಾರ್ಥದ ಒಂದೇ ಸ್ವಭಾವಕ್ಕೆ ದೂರದೂರದ ಜನರು ಒಂದೇ ಬಗೆಯ ಪರಿಹಾರವನ್ನು ಕಂಡುಕೊಂಡಾರು. ಆದುದರಿಂದ ಇಂಥ ಸಾಮ್ಯ ಒಂದನ್ನೇ ಹಿಡಿದು ಒಬ್ಬರಿಂದ ಇನ್ನೊಬ್ಬರು ಕಲಿತರೆಂದು ಹೇಳುವಂತಿಲ್ಲ. ಸಂಬಂಧವನ್ನು ಸ್ಥಾಪಿಸಲು ಬೇರೆ ಸಾಕ್ಷ್ಯ ಬೇಕು. ಮುಂದಿನ ವಿವೇಚನೆಯಲ್ಲಿ ಈ ಎಚ್ಚರವನ್ನು ಇಟ್ಟುಕೊಳ್ಳಲಾಗಿದೆ.

3

ಮೊದಲು ಶಬ್ದಗಳ ಸಾಕ್ಷ್ಯವನ್ನು ನೋಡಬಹುದು. ಯೂರೋಪಿನ ಭಾಷೆಗಳಲ್ಲಿ ಮೊಸರಿಗೆ ಬಳಕೆಯಲ್ಲಿರುವ ಯೋಗರ್ಟ್ ಎಂಬ ಹೆಸರು ತುರ್ಕಿಯದು. ನಾದುವುದು, ಕಲಸುವುದು ಎಂಬ ಅರ್ಥದ ತುರ್ಕಿ ಧಾತುವಿಗೂ ಅದಕ್ಕೂ ಸಂಬಂಧವುಂಟು. ಕಾಶ್ಗರದ ಮಹಮೂದನು 1072ರಿಂದ 1074ರ ಅವಧಿಯಲ್ಲಿ, ತುರ್ಕಿ ಭಾಷೆಗಳ ಶಬ್ದಗಳಿಗೆ ಅರಬ್ಬಿಯಲ್ಲಿ ಅರ್ಥ ಹೇಳುವ ‘ದೀವಾನ್ ಲುಗಾತ್ ಅತ್-ತುರ್ಕ್’ ಎಂಬ ಮಹಾನಿಘಂಟನ್ನು ರಚಿಸಿದನು. 1266ರಲ್ಲಿ ಬರೆದ ಒಂದೇ ಒಂದು ಪ್ರತಿಯಿಂದ ನಮಗೆ ಉಳಿದುಬಂದಿರುವ ಈ ಗ್ರಂಥದಲ್ಲಿ ಯೋಗರ್ಟ್ ಶಬ್ದವಿದೆ. ಅದರೊಡನೆ ತುತ್ಮಾಚ್ ಎಂಬ ಇನ್ನೊಂದು ಶಬ್ದವೂ ಇದೆ. ತುತ್ಮಾಚ್ ಎಂದರೆ ತುರ್ಕರಲ್ಲಿ ಪ್ರಸಿದ್ಧವಾದ, ಕಣಕವನ್ನು ಕೊಯ್ದು ಬೇಯಿಸಿ ಮಾಡುವ ಆಹಾರ.

ತುತ್ಮಾಚಿನ ಹೆಸರಿಗೆ ಮಹಮೂದನು ಒಂದು ಐತಿಹ್ಯವನ್ನು ಕೊಟ್ಟಿದ್ದಾನೆ. ದುಲ್-ಕರ್ನೈನನು, ಎಂದರೆ ಲೋಕರೂಢಿಯಲ್ಲಿ ಅಲೆಕ್ಸಾಂಡರನು, ದಂಡಯಾತ್ರೆಯಲ್ಲಿದ್ದಾಗ ಆಹಾರ ತೀರಿತು. ಜನರು ‘ನಮ್ಮನ್ನು ಹಸಿದಿರಿಸಬೇಡ’ ಎಂದು ಮೊರೆಯಿಟ್ಟರು. ಆ ಮಾತಿನ ತುರ್ಕಿರೂಪವೇ ಆಗ ಕಂಡುಹಿಡಿದ ಆಹಾರಕ್ಕೆ ಹೆಸರಾಯಿತು ಎಂಬುದು ಆ ಕಥೆ. ಇದು ಜಾನಪದ ನಿರುಕ್ತಿ; ಶಬ್ದಶಾಸ್ತ್ರದ ದೃಷ್ಟಿಯಿಂದ ಇದಕ್ಕೆ ಬೆಲೆಯಿಲ್ಲ. ಆದರೂ ಚರಿತ್ರಕಾರನಿಗೆ ಇದು ನಿಷ್ಪ್ರಯೋಜಕವಲ್ಲ. 11ನೆಯ ಶತಮಾನದ ವೇಳೆಗಾಗಲೇ ಒಂದು ಅಡುಗೆಯ ಹೆಸರಿನ ಮೂಲ ಮರೆತುಹೋಗಿ, ಅದಕ್ಕೆ ಕಥೆಯನ್ನು ಕಟ್ಟಬೇಕಾಗಿ ಬಂದಿತ್ತೆಂದರೆ, ಅಡುಗೆ ಅಂದಿಗೇ ಹಳೆಯದಾಗಿತ್ತೆಂದು ತಿಳಿಯಬೇಕು. ಅದನ್ನು ಅಲೆಕ್ಸಾಂಡರನಂಥವನ ಕಾಲಕ್ಕೆ ಒಯ್ದವರಿಗೆ ಅದು ನೆರೆಯವರಿಂದ ನಿನ್ನೆಮೊನ್ನೆ ಕಲಿತದ್ದೆಂಬ ಭಾವನೆ ಇದ್ದಿರಲಾರದು.

4

ಶಬ್ದಗಳಿಂದ ಪಾಕಕ್ರಮಗಳ ಕಡೆಗೆ ತಿರುಗಿದರೆ 14ನೆಯ ಶತಮಾನದ ಎರಡು ಗ್ರಂಥಗಳು ನಮ್ಮ ಗಮನವನ್ನು ವಿಶೇಷವಾಗಿ ಸೆಳೆಯುತ್ತವೆ. ಒಂದು ಏಷ್ಯದ ಪೂರ್ವದ ಅಂಚಿನದು. ಇನ್ನೊಂದು ನೈಲ್ ನದಿಯ ತೀರದ್ದು.

ಚೀನವನ್ನು ಆಳುತ್ತಿದ್ದ ಮಂಗೋಲರ ಯುವಾನ್ ಆಸ್ಥಾನದಲ್ಲಿ ಹು ಸ್ಸುಹುಯಿ ಎಂಬುವನು ಚಕ್ರವರ್ತಿಯ ಆಹಾರಪಥ್ಯವನ್ನು ನೋಡಿಕೊಳ್ಳುವ ಅಧಿಕಾರಿಯಾಗಿದ್ದನು. ಅವನು 1330ರಲ್ಲಿ ಒಪ್ಪಿಸಿದ ‘ಯಿನ್‌ಶಾನ್ ಝೆಂಗ್‌ಯಾವೊ’ ಎಂಬ ಗ್ರಂಥದಲ್ಲಿ ಚೀನೀ ಅಕ್ಷರಗಳಲ್ಲಿ ಬರೆದ, ಆದರೆ ಚೀನೀ ಅಲ್ಲದ ಹೆಸರಿನ ಅಡುಗೆಯೊಂದಿದೆ. ಆ ಹೆಸರನ್ನು ವಿದ್ವಾಂಸರು ‘ತುತುಮ್ ಆಶ್’ ಎಂದು ಓದಿ, ತುತ್ಮಾಚಿನ ಬಳಗಕ್ಕೆ ಸೇರಿಸಿದ್ದಾರೆ. ಇದು ಕೈಯಿಂದ ಒತ್ತಿ ಮಾಡಿದ ಹಿಟ್ಟಿನ ಬಿಲ್ಲೆಗಳೆಂದು ಗ್ರಂಥಕಾರನೇ ಟಿಪ್ಪಣಿ ಕೊಡುತ್ತಾನೆ. 6 ಜಿನ್ ತೂಕದ ಬಿಳಿಯ ಗೋಧಿಹಿಟ್ಟು, ಕುರಿಯ ಒಂದು ತೊಡೆಯ ಹುರಿದ ಮಾಂಸ, ಒಳ್ಳೆಯ ಮಾಂಸರಸ, ಈರುಳ್ಳಿ ಜಾತಿಯ ಸೊಪ್ಪು. ಕೊನೆಯಲ್ಲಿ ಬೆಳ್ಳುಳ್ಳಿ ಕೂಡಿದ ಹುಳಿಹಾಲು ಮತ್ತು ಪರಿಮಳದ ಸೊಪ್ಪಿನ ಪುಡಿ: ಇಷ್ಟೇ ಸಾಮಗ್ರಿ.

ನೈಲ್ ತೀರದ ಗ್ರಂಥದ ಹೆಸರು ‘ಕಿತಾಬ್ ವಸ್ಫ್ ಅಲ್-ಅತಿಮ ಅಲ್-ಮುತಾದ’. ‘ರೂಢಿಯಲ್ಲಿರುವ ಆಹಾರಗಳ ವರ್ಣನೆ’ ಎಂದು ಇದರ ಅರ್ಥ. 1226ರಲ್ಲಿ ಬಾಗ್ದಾದಿನ ಲೇಖಕನೊಬ್ಬನು ರಚಿಸಿ ‘ಅಲ್-ಬಾಗ್ದಾದಿ’ಯ ಪಾಕಗ್ರಂಥವೆಂದು ಪ್ರಸಿದ್ಧವಾದ ಕೃತಿಯನ್ನು ಇದು ಬಹಳವಾಗಿ ಬೆಳೆಸಿದೆ. ಬಾಗ್ದಾದಿನ ಆ ಮೂಲಗ್ರಂಥದಲ್ಲಿ ಮಾಂಸ, ಕಡಲೆ, ಮಸೂರಬೇಳೆಗಳೊಡನೆ ಬೇಯಿಸುವ ‘ರಿಷ್ತ’ ಎಂಬ ಹಿಟ್ಟಿನ ಎಳೆಗಳ ಅಡುಗೆ ಇತ್ತು. ಹುಳಿಹಾಲಿನಲ್ಲಿ ಮಾಂಸವನ್ನು ಬೇಯಿಸುವ ‘ಮದೀರ’ವೂ ಇತ್ತು. ಬೆಳೆದ ಗ್ರಂಥದಲ್ಲಿ ಹಿಟ್ಟೂ ಮೊಸರೂ ಒಂದೇ ಪಾತ್ರೆಯಲ್ಲಿ ಕೂಡುವ ‘ಸಲ್ಮ’ ಎಂಬ ಅಡುಗೆ ಬರುತ್ತದೆ. ಕಣಕವನ್ನು ನಾದಿ, ಹೊಸೆದು, ಸಣ್ಣ ಚೂರುಗಳನ್ನಾಗಿ ಕೊಯ್ದು, ಒಂದೊಂದನ್ನೂ ನಾಣ್ಯ ಮುದ್ರೆಯೊತ್ತುವಂತೆ ಬೆರಳಿನಿಂದ ಒತ್ತಿ, ನೀರಿನಲ್ಲಿ ಬೇಯಿಸಬೇಕು; ಬೆಂದ ಬಳಿಕ ಮೊಸರನ್ನು ಹಾಕಬೇಕು; ಈರುಳ್ಳಿಯೊಡನೆ ಹುರಿದ ಮಾಂಸವನ್ನೂ ಪುದೀನ, ಬೆಳ್ಳುಳ್ಳಿಗಳನ್ನೂ ಕೂಡಿಸಬೇಕು.

ಈ ಎರಡು ಅಡುಗೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಅಂಗಗಳು ಒಂದೊಂದಾಗಿ ಹೊಂದುತ್ತವೆ. ಎರಡರಲ್ಲಿಯೂ ಕೈಯಿಂದ ಒತ್ತಿದ ಕಣಕ. ಎರಡರಲ್ಲಿಯೂ ಬೇರೆಯಾಗಿ ಹುರಿದ ಮಾಂಸ. ಎರಡರಲ್ಲಿಯೂ ಬೆಳ್ಳುಳ್ಳಿಯ ಮೊಸರು. ಎರಡರಲ್ಲಿಯೂ ಕೊನೆಗೆ ಪರಿಮಳದ ಹಸಿರು. ಮೊಸರು ಒಡೆಯದಂತೆ ಕಾಯುವ ಉಪಾಯ ಮಾತ್ರವೇ ಸಮಾನವಾಗಿದ್ದಿದ್ದರೆ ಅದನ್ನು ಆಕಸ್ಮಿಕವೆಂದು ಬಿಡಬಹುದಾಗಿತ್ತು. ಬಿಲ್ಲೆಯನ್ನು ಒತ್ತುವ ಕ್ರಮ ಹಾಗೂ ಬೆಳ್ಳುಳ್ಳಿಯ ಸಂಯೋಗ ಪದಾರ್ಥದ ಸ್ವಭಾವದಿಂದ ಅನಿವಾರ್ಯವಾದವುಗಳಲ್ಲ. ಅವು ಸಂಪ್ರದಾಯದ ಗುರುತುಗಳು. ಹೆಸರಿನ ಸಾಕ್ಷ್ಯವೂ ಇವುಗಳೊಡನೆ ಸೇರಿದಾಗ ಒಂದೇ ಪರಂಪರೆ ಎರಡು ಕಡೆಗೆ ಹರಿದಿದೆಯೆಂದು ಒಪ್ಪಲು ಅಡ್ಡಿಯಿಲ್ಲ.

ಹರಿದ ದಾರಿಯನ್ನು ಊಹಿಸುವುದೂ ಕಷ್ಟವಲ್ಲ. ಮಂಗೋಲರ ಸೇನೆಯಲ್ಲಿಯೂ ಆಡಳಿತದಲ್ಲಿಯೂ ತುರ್ಕಿ ಜನಾಂಗಗಳವರು ಬಹುಸಂಖ್ಯೆಯಲ್ಲಿದ್ದರು. ಈಜಿಪ್ಟಿನಲ್ಲಿ 1250ರಲ್ಲಿ ಅಧಿಕಾರಕ್ಕೆ ಬಂದ ಮಾಮ್ಲೂಕರು ಮೂಲತಃ ಕಪ್ಪುಸಮುದ್ರದ ಉತ್ತರದ ಹುಲ್ಲುಗಾವಲಿನಿಂದ ತಂದ ತುರ್ಕಿ ದಾಸಯೋಧರು. 1260ರಿಂದ 1277ರವರೆಗೆ ಆಳಿದ ಸುಲ್ತಾನ ಬೈಬರ್ಸನೇ ಕಿಪ್ಚಾಕ್ ತುರ್ಕ. ಸಮರಾಂಗಣದಲ್ಲಿ ಮಂಗೋಲರೂ ಮಾಮ್ಲೂಕರೂ ಪರಸ್ಪರ ಶತ್ರುಗಳು; ಊಟದ ತಟ್ಟೆಯಲ್ಲಿ ಎರಡೂ ಕಡೆಯವರು ಒಂದೇ ಹುಲ್ಲುಗಾವಲಿನ ರುಚಿಯನ್ನು ಉಳಿಸಿಕೊಂಡಿದ್ದರು. ಹುಲ್ಲುಗಾವಲಿನ ದನಗಾಹಿಗೆ ಹಾಲು ನಿತ್ಯದ ಬೆಳೆ, ಹಿಟ್ಟು ಕೊಂಡುತಂದ ಪದಾರ್ಥ. ಅವನ ಅಡುಗೆಯಲ್ಲಿ ಹಿಟ್ಟಿಗೆ ಮೊಸರು ಬದಲಿಪದಾರ್ಥವಾಗಿ ಬಂದದ್ದಲ್ಲ. ಮೊದಲಿನಿಂದ ಇದ್ದ ಮೊಸರಿಗೆ ಹಿಟ್ಟು ಬಂದು ಕೂಡಿತೆಂದು ಹೇಳುವುದೇ ಹೆಚ್ಚು ಯುಕ್ತ.

5

ಪಾಕಗ್ರಂಥಗಳು ಸಾಮಾನ್ಯವಾಗಿ ಸಾಮಗ್ರಿಯನ್ನು ಹೇಳಿ ಕೈಚಳಕವನ್ನು ಅಡುಗೆಯವನಿಗೇ ಬಿಡುತ್ತವೆ. ಆದುದರಿಂದ ಮೊಸರನ್ನು ಎಂದು, ಹೇಗೆ ಸೇರಿಸುತ್ತಿದ್ದರೆಂಬುದಕ್ಕೆ ಸ್ಪಷ್ಟವಾದ ಮಾತು ಸಿಕ್ಕುವುದು ವಿರಳ. ಈ ದೃಷ್ಟಿಯಿಂದ ಡಮಾಸ್ಕಸ್ಸಿನ ವಿದ್ವಾಂಸ ಇಬ್ನ್ ಅಲ್-ಮಿಬ್ರದನ ಪುಟ್ಟ ಕೃತಿ ಬೆಲೆಯುಳ್ಳದ್ದು. ಧರ್ಮಶಾಸ್ತ್ರಜ್ಞನಾಗಿ ಹೆಸರಾಗಿ 1503ರಲ್ಲಿ ತೀರಿಕೊಂಡ ಇವನು ‘ಕಿತಾಬ್ ಅಲ್-ತಿಬಾಖ’ ಎಂಬ ಸಂಕ್ಷಿಪ್ತ ಪಾಕಗ್ರಂಥವನ್ನೂ ಬರೆದಿದ್ದಾನೆ. ಅದರಲ್ಲಿ ಬರುವ ‘ಶುಶ್‌ಬರಕ್’ ಕೊಚ್ಚಿದ ಮಾಂಸದ ಹೂರಣವಿಟ್ಟ ಸಣ್ಣ ಕಡುಬು. ಅದರ ಕಣಕವನ್ನು ತುತ್ಮಾಜಿನಂತೆ ಲಟ್ಟಿಸಬೇಕೆಂದು ಹೇಳುವುದರಿಂದ ತುತ್ಮಾಜ್ ಆ ನಗರದಲ್ಲಿ ವಿವರಣೆ ಬೇಡದಷ್ಟು ಪರಿಚಿತವಾಗಿತ್ತೆಂದು ಗೊತ್ತಾಗುತ್ತದೆ. ಕಡುಬು ನೀರಿನಲ್ಲಿ ಬೆಂದ ಮೇಲೆ ಪಾತ್ರೆಯನ್ನು ಬೆಂಕಿಯಿಂದ ಇಳಿಸಿ ಆಮೇಲೆ ಮೊಸರು, ಬೆಳ್ಳುಳ್ಳಿ, ಪುದೀನಗಳನ್ನು ಹಾಕಬೇಕೆಂಬುದು ಅವನ ಸೂಚನೆ. ಮೇಲೆ ಹೇಳಿದ ಮೊದಲನೆಯ ಮಾರ್ಗವು ಇಲ್ಲಿ ಸ್ಪಷ್ಟವಾಗಿ ಲಿಖಿತವಾಗಿದೆ. ಇದೇ ಅಡುಗೆಯನ್ನು ಇಂದು ಸಿರಿಯ, ಲೆಬನಾನುಗಳಲ್ಲಿ ಮಾಡುವವರು ಮೊಸರಿಗೆ ಜೋಳದ ಪಿಷ್ಟವನ್ನೋ ಮೊಟ್ಟೆಯನ್ನೋ ಕದಡಿ, ಕುದಿ ಬರುವವರೆಗೂ ಕೈಬಿಡದೆ ತಿರುಗಿಸಿ, ಆ ರಸದಲ್ಲಿಯೇ ಕಡುಬುಗಳನ್ನು ಬೇಯಿಸುತ್ತಾರೆ. ಅಡುಗೆಯ ಹೆಸರು ಉಳಿದು ಮಾರ್ಗವು ಒಂದರಿಂದ ಎರಡಕ್ಕೆ ಬದಲಾಗಿರುವುದಕ್ಕೆ ಇದು ನಿದರ್ಶನ.

ಆಟೊಮನ್ ತುರ್ಕರಲ್ಲಿ ಎರಡನೆಯ ಮುರಾದನ ಕಾಲದಲ್ಲಿ, ಎಂದರೆ 15ನೆಯ ಶತಮಾನದ ಪೂರ್ವಾರ್ಧದಲ್ಲಿ, ಶಿರ್ವಾನಿಯ ಮಹಮದನು ಬಾಗ್ದಾದಿನ ಗ್ರಂಥವನ್ನು ತುರ್ಕಿಗೆ ಅನುವಾದಿಸಿ ತನ್ನ ಕಾಲದ ಅಡುಗೆಗಳನ್ನೂ ಸೇರಿಸಿದನು. ಅವನು ವರ್ಣಿಸಿರುವ ‘ಮಂತಿ’ ಎಂಬ ಕಡುಬಿಗೆ ಕುರಿಮಾಂಸ, ಜಜ್ಜಿದ ಕಡಲೆ, ದಾಲ್ಚಿನ್ನಿಗಳ ಹೂರಣ. ಹಬೆಯಲ್ಲಿ ಬೇಯಿಸಿದ ಮೇಲೆ ಬೆಳ್ಳುಳ್ಳಿಯ ಮೊಸರು ಮತ್ತು ಸುಮಾಕ್ ಎಂಬ ಹುಳಿಕಾಯಿಯ ಪುಡಿ. ಇಂದಿನ ತುರ್ಕಿಯಲ್ಲಿ ಮಂತಿಯನ್ನು ಬಡಿಸುವ ಕ್ರಮ ಇದರಿಂದ ಬಹಳ ದೂರ ಹೋಗಿಲ್ಲ. ಬೆಳ್ಳುಳ್ಳಿಯನ್ನು ಉಪ್ಪಿನೊಡನೆ ಜಜ್ಜಿ, ಬಸಿದು ಗಟ್ಟಿಯಾದ ತಣ್ಣನೆಯ ಮೊಸರಿಗೆ ಕಲಸಿ, ನೀರು ಸೋಸಿದ ಬಿಸಿ ಕಡುಬಿನ ಮೇಲೆ ಸುರಿಯುತ್ತಾರೆ. ಅದರ ಮೇಲೆ ಕೆಂಪು ಮೆಣಸಿನಪುಡಿ ಹಾಕಿ ಕಾಯಿಸಿದ ಬೆಣ್ಣೆಯನ್ನು ಎರೆಯುತ್ತಾರೆ. ಮೆಣಸಿನಕಾಯಿ ಅಮೆರಿಕದಿಂದ 1492ರ ಅನಂತರ ಬಂದದ್ದಾದುದರಿಂದ ಈ ಕೆಂಪು ಒಗ್ಗರಣೆ ಶಿರ್ವಾನಿಯ ತಟ್ಟೆಯಲ್ಲಿ ಇರಲು ಸಾಧ್ಯವಿಲ್ಲ. ಬಿಳಿಯ ಭಾಗ ಹಳೆಯದು, ಕೆಂಪು ಭಾಗ ಹೊಸದು.

ಒಣಗಿಸುವ ಮಾರ್ಗಕ್ಕೂ ಪ್ರತ್ಯಕ್ಷದರ್ಶಿಯ ಸಾಕ್ಷ್ಯವಿದೆ. 1253ರಿಂದ 1255ರವರೆಗೆ ಮಂಗೋಲರ ನಾಡಿನಲ್ಲಿ ಸಂಚರಿಸಿದ ಫ್ರಾನ್ಸಿಸ್ಕನ್ ಸಂನ್ಯಾಸಿ ರುಬ್ರುಕಿನ ವಿಲಿಯಮನು, ಬೆಣ್ಣೆ ತೆಗೆದು ಉಳಿದ ಹುಳಿಹಾಲಿನ ಗಟ್ಟಿಯನ್ನು ಅವರು ಬಿಸಿಲಿನಲ್ಲಿ ಕಬ್ಬಿಣದ ಕಿಟ್ಟದಂತೆ ಗಟ್ಟಿಯಾಗುವವರೆಗೆ ಒಣಗಿಸಿ, ಚಳಿಗಾಲದಲ್ಲಿ ಬಿಸಿನೀರು ಹಾಕಿ ಬಡಿದು ಕರಗಿಸಿ ಕುಡಿಯುತ್ತಿದ್ದರೆಂದು ಬರೆದಿದ್ದಾನೆ. ಇರಾನಿನಲ್ಲಿ ‘ಆಶೆ ರಿಷ್ತ’ ಎಂಬ ಎಳೆಹಿಟ್ಟಿನ ಗಟ್ಟಿಸಾರಿಗೆ ಇಂದಿಗೂ ಬಿಳಿಯ ಬಣ್ಣವನ್ನೂ ಹುಳಿಯನ್ನೂ ಕೊಡುವ ‘ಕಷ್ಕ್’ ಈ ಬಳಗದ ಪದಾರ್ಥ.

6

ಇನ್ನು ಇಟಲಿ. ಅರಬ್ಬೀ ಭೂಗೋಳಶಾಸ್ತ್ರಜ್ಞ ಅಲ್-ಇದ್ರೀಸಿಯು 1154ರಲ್ಲಿ ಸಿಸಿಲಿಯ ಪಲೆರ್ಮೊ ಬಳಿಯ ತ್ರಬಿಯದಲ್ಲಿ ‘ಇತ್ರಿಯ’ ಎಂಬ ಹಿಟ್ಟಿನ ಎಳೆಗಳನ್ನು ಅಪಾರವಾಗಿ ತಯಾರಿಸಿ ಹಡಗುಗಳಲ್ಲಿ ಕಲಾಬ್ರಿಯಕ್ಕೂ ಇತರ ಮುಸ್ಲಿಮ್ ಮತ್ತು ಕ್ರೈಸ್ತ ನಾಡುಗಳಿಗೂ ಕಳುಹಿಸುತ್ತಿದ್ದರೆಂದು ಹೇಳಿದ್ದಾನೆ. ಹಡಗಿನ ಪ್ರಯಾಣವನ್ನು ತಾಳಬೇಕಾದರೆ ಅದು ಒಣಗಿಸಿದ ಸರಕಾಗಿರಬೇಕು. ತುರ್ಕರ ಹಸಿ ಕಣಕಕ್ಕೂ ಈ ಒಣ ಸರಕಿಗೂ ಇರುವ ವ್ಯತ್ಯಾಸ ಮುಖ್ಯವಾದುದು. ದೂರ ಸಾಗುವ ಒಣ ಎಳೆಗೆ ಅಷ್ಟೇ ದೂರ ಸಾಗಬಲ್ಲ ಚೀಸ್ ಜೊತೆಯಾಗುವುದು ಸಹಜ. ಮನೆಯಲ್ಲಿ ಆಗಲೇ ಕೊಯ್ದ ಕಣಕಕ್ಕೆ ಮನೆಯದೇ ಮೊಸರು. 14ನೆಯ ಶತಮಾನದ ಆದಿಯ, ನೇಪಲ್ಸಿನ ಆಸ್ಥಾನದೊಡನೆ ಸಂಬಂಧ ಕಲ್ಪಿಸಲಾಗಿರುವ ‘ಲಿಬೆರ್ ದೆ ಕೊಕ್ವಿನ’ ಎಂಬ ಲ್ಯಾಟಿನ್ ಗ್ರಂಥದಲ್ಲಿ, ಮೂರು ಬೆರಳಗಲದ ಚೌಕಗಳಾಗಿ ಕೊಯ್ದು ಬೇಯಿಸಿದ ಲಸಾಞದ ಪದರಗಳ ನಡುವೆ ತುರಿದ ಚೀಸನ್ನೂ ಮಸಾಲೆಯ ಪುಡಿಯನ್ನೂ ಹರಡುತ್ತಾರೆ. ಅಲ್ಲಿ ಕೆನೆ ಇಲ್ಲ.

ಕೆನೆಯ ಸಾಸಿಗೆ ಮಾದರಿಯೆಂದು ಹೊರನಾಡುಗಳಲ್ಲಿ ಪ್ರಸಿದ್ಧವಾಗಿರುವ ‘ಆಲ್ಫ್ರೆಡೊ’ ಪಾಸ್ತಾದ ಚರಿತ್ರೆ ಇನ್ನೂ ಈಚಿನದು. ರೋಮಿನ ಭೋಜನಶಾಲೆಯ ಒಡೆಯ ಆಲ್ಫ್ರೆಡೊ ದಿ ಲೆಲಿಯೊ ಇದನ್ನು 1908ರಲ್ಲಿ ಬಾಣಂತಿಯಾದ ಮಡದಿಗಾಗಿ ಮಾಡಿದನೆಂಬುದು ಆ ಮನೆತನದ ಹೇಳಿಕೆ. 1920ರಲ್ಲಿ ಅಲ್ಲಿ ಊಟಮಾಡಿದ ಅಮೆರಿಕದ ಚಲನಚಿತ್ರ ನಟರಾದ ಮೇರಿ ಪಿಕ್‌ಫರ್ಡ್ ಮತ್ತು ಡಗ್ಲಸ್ ಫೇರ್‌ಬ್ಯಾಂಕ್ಸ್ ದಂಪತಿಗಳಿಂದ ಅದರ ಕೀರ್ತಿ ಅಟ್ಲಾಂಟಿಕನ್ನು ದಾಟಿತು. ಆಲ್ಫ್ರೆಡೊವಿನ ಪಾಕದಲ್ಲಿದ್ದುದು ಬೆಣ್ಣೆ ಮತ್ತು ಪಾರ್ಮ ಪ್ರಾಂತದ ಚೀಸ್, ಎರಡೇ. ಅವನ್ನು ಬೇಯಿಸಿದ ನೀರಿನ ತೇವವುಳ್ಳ ಬಿಸಿ ಪಾಸ್ತಾದೊಡನೆ ಎತ್ತಿ ಎತ್ತಿ ಕಲಸಿದಾಗ ನಯವಾದ ಸಾಸು ತಾನಾಗಿ ಕೂಡಿಬರುತ್ತಿತ್ತು. ಕೆನೆ ಬೆರೆತದ್ದು ಅಮೆರಿಕದಲ್ಲಿ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಪಾರ್ಮದ ಚೀಸಿಗೆ ಹುಳಿ ಹಿಡಿಸುವುದು ಹಿಂದಿನ ದಿನದ ಚೀಸಿನಿಂದ ಬಸಿದು ಹುಳಿಯಲು ಬಿಟ್ಟ ತಿಳಿನೀರಿನಿಂದ. ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ ಹೆಪ್ಪು ಹಾಕುವ ಕ್ರಮಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಎಂದರೆ ಇಟಲಿಯ ಹಳೆಯ ಬಿಳಿಸಾಸೂ ಹುಳಿಹಿಡಿದ ಹಾಲಿನದೇ. ಎರಡನೆಯದಾಗಿ, ಬಿಸಿಯಲ್ಲಿ ಚೀಸು ಗಂಟುಗಟ್ಟದಂತೆ ತಡೆಯುವುದು ಪಾಸ್ತಾ ಬೆಂದ ನೀರಿನ ಪಿಷ್ಟ ಹಾಗೂ ಬೆಣ್ಣೆಯ ಕೊಬ್ಬು. ರೋಮಿನ ಅಡುಗೆಯವನು ಎದುರಿಸಿದ್ದು ಡಮಾಸ್ಕಸ್ಸಿನ ಅಡುಗೆಯವನ ತೊಡಕನ್ನೇ.

7

ಮೊಸರು ಪಶ್ಚಿಮದ ಅಡುಗೆಮನೆಗೆ ಹೊಸ ಪದಾರ್ಥವಾಗಿ ಮರಳಿ ಬಂದ ಬಗೆಯನ್ನು ಸಂಕ್ಷೇಪವಾಗಿ ಹೇಳಿ ಮುಗಿಸಬಹುದು. ಹುಳಿಗೆನೆಯಾದರೋ ರಷ್ಯದಲ್ಲಿ ಮೊದಲಿನಿಂದಲೂ ಇತ್ತು. ಎಲೆನಾ ಮೊಲೊಖೊವೆಟ್ಸಳ ಪಾಕಗ್ರಂಥದ 1871ರ ಆವೃತ್ತಿಯಲ್ಲಿ ಸ್ಟ್ರೊಗನಾಫ್ ಹೆಸರಿನ ಗೋಮಾಂಸದ ಅಡುಗೆಗೆ ಹಿಟ್ಟನ್ನೂ ಸಾಸಿವೆಯನ್ನೂ ಮಾಂಸರಸವನ್ನೂ ಕೂಡಿಸಿ ಕೊನೆಯಲ್ಲಿ ಸ್ವಲ್ಪ ಹುಳಿಗೆನೆಯನ್ನು ಬೆರೆಸುತ್ತಾರೆ. ಹಿಟ್ಟು, ಕೊಬ್ಬು, ಕೊನೆಯಲ್ಲಿ ಬೆರೆಸುವಿಕೆ: ಮೂರು ಮಾರ್ಗಗಳೂ ಇಲ್ಲಿ ಒಂದಾಗಿವೆ. ಮುಂದೆ ಅಮೆರಿಕದಲ್ಲಿ ಇದನ್ನು ಬೇಯಿಸಿದ ಹಿಟ್ಟಿನ ಪಟ್ಟಿಗಳ ಮೇಲೆ ಬಡಿಸುವುದು ರೂಢಿಯಾಯಿತು.

ಮೊಸರಿನ ಮಾರ್ಗ ಬೇರೆ. 1905ರಲ್ಲಿ ಬಲ್ಗೇರಿಯದ ಸ್ಟಾಮೆನ್ ಗ್ರಿಗೊರೊವ್ ಜಿನೀವದಲ್ಲಿ ತನ್ನ ನಾಡಿನ ಮೊಸರಿನ ಸೂಕ್ಷ್ಮಜೀವಿಯನ್ನು ಗುರುತಿಸಿದನು. ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯ ಇಲ್ಯಾ ಮೆಚ್ನಿಕಾಫ್ ಹುಳಿಹಾಲು ದೀರ್ಘಾಯುಸ್ಸಿಗೆ ಸಹಕಾರಿಯೆಂಬ ಅಭಿಪ್ರಾಯವನ್ನು ಪ್ರಚಾರಪಡಿಸಿದನು. ಆಟೊಮನ್ ಆಳ್ವಿಕೆಯಲ್ಲಿದ್ದ ಸಲೋನಿಕದಲ್ಲಿ ಹುಟ್ಟಿದ ಐಸಾಕ್ ಕರಸ್ಸೊ 1919ರಲ್ಲಿ ಬಾರ್ಸಿಲೋನದಲ್ಲಿ ಡಾನೋನ್ ಹೆಸರಿನಿಂದ ಮೊಸರಿನ ತಯಾರಿಕೆಯನ್ನು ಆರಂಭಿಸಿದನು. ಹೀಗೆ ಪಶ್ಚಿಮ ಯೂರೋಪಿಗೆ ಮೊಸರು ಬಂದದ್ದು ಅಡುಗೆಯವನ ಕೈಯಿಂದಲ್ಲ, ವೈದ್ಯನ ಕೈಯಿಂದ. ಪಥ್ಯವಾಗಿ ಬಂದುದರಿಂದಲೇ ಸಾಸಿನಲ್ಲಿಯೂ ಅದು ಕೆನೆಗೆ ಬದಲಾದ ಪಥ್ಯವೆನಿಸಿತು. ಜೊತೆಯಲ್ಲಿ ಬರಬೇಕಾಗಿದ್ದ ತುತ್ಮಾಚಿನ ನೆನಪು ಹಿಂದೆಯೇ ಉಳಿಯಿತು. ಕೆನೆಯ ಸಾಸನ್ನು ಕುದಿಸುವ ಅಭ್ಯಾಸವುಳ್ಳವರು ಮೊಸರನ್ನೂ ಹಾಗೆಯೇ ಕುದಿಸಿ, ಅದು ಒಡೆದಾಗ ದೋಷವನ್ನು ಮೊಸರಿನ ಮೇಲೆ ಹೊರಿಸುವುದಕ್ಕೆ ಈ ಮರೆವೇ ಕಾರಣವೆನ್ನಬಹುದು. ಪದಾರ್ಥವು ಹೊಸ ನಾಡಿಗೆ ಬಂದಿತು. ಅದನ್ನು ಹದಗೆಡದಂತೆ ಬಳಸುವ ವಿದ್ಯೆ ಬರಲಿಲ್ಲ.

8

ಇದುವರೆಗಿನ ವಿವೇಚನೆಯಿಂದ ಕೆಲವು ಸಂಗತಿಗಳು ಫಲಿಸುತ್ತವೆ. ಒಂದು: ಬೇಯಿಸಿದ ಕಣಕಕ್ಕೆ ಮೊಸರಿನ ಸಾಸನ್ನು ಕೂಡಿಸುವ ಕ್ರಮಕ್ಕೆ 14ನೆಯ ಶತಮಾನದಷ್ಟು ಹಿಂದೆಯೇ, ಪೂರ್ವದಲ್ಲಿಯೂ ಪಶ್ಚಿಮದಲ್ಲಿಯೂ ಲಿಖಿತ ಆಧಾರವುಂಟು, ಆಲ್ಫ್ರೆಡೊವಿನ ಹೆಸರಿನ ಕೆನೆಯ ಸಾಸು 20ನೆಯ ಶತಮಾನದ್ದು. ಎರಡು: ಈ ಕ್ರಮವನ್ನು ಚೀನದ ಆಸ್ಥಾನಕ್ಕೂ ಈಜಿಪ್ಟಿಗೂ ಒಯ್ದವರು ತುರ್ಕಿ ಜನಾಂಗಗಳವರೆಂಬುದನ್ನು ಹೆಸರು, ಆಕಾರ, ಸಾಮಗ್ರಿಗಳ ಸಾಮ್ಯ ಸಮರ್ಥಿಸುತ್ತದೆ. ಮೂರು: ಕರ್ನಾಟಕದ ಮಜ್ಜಿಗೆಹುಳಿಯಲ್ಲಿ ಕಾಣುವ ಪಿಷ್ಟದ ಉಪಾಯಕ್ಕೆ ಇಂಥ ಸಂಬಂಧವನ್ನು ಕಲ್ಪಿಸಬೇಕಾಗಿಲ್ಲ, ಒಂದೇ ಪದಾರ್ಥ ಒಡ್ಡಿದ ಒಂದೇ ತೊಡಕಿಗೆ ಅದು ಸ್ವತಂತ್ರವಾದ ಉತ್ತರವಾಗಿರಬಹುದು.

ಅಡುಗೆಯ ಇತಿಹಾಸದಲ್ಲಿ ‘ಮೂಲ’ ಮತ್ತು ‘ಬದಲಿ’ ಎಂಬ ಮಾತುಗಳನ್ನು ಬಳಸುವಾಗ ಎಚ್ಚರ ಬೇಕೆಂಬುದು ಇದರಿಂದ ತಿಳಿಯುತ್ತದೆ. ಯಾವ ನಾಡಿನ ಹೆಸರು ಪದಾರ್ಥದ ಮೇಲೆ ನಿಂತಿದೆಯೋ ಆ ನಾಡಿನ ಈಚಿನ ರೂಢಿಯನ್ನೇ ಮೂಲವೆಂದು ಹಿಡಿದರೆ, ಬರಹದಲ್ಲಿ ಹೆಚ್ಚು ಉಳಿಯದ ದನಗಾಹಿಗಳ ಕೊಡುಗೆ ಲೆಕ್ಕದಿಂದ ಜಾರಿಹೋಗುತ್ತದೆ. ತುತ್ಮಾಚಿನ ವಿಷಯದಲ್ಲಿ ಒಬ್ಬ ನಿಘಂಟುಕಾರ, ಒಬ್ಬ ಆಸ್ಥಾನಪಥ್ಯಾಧಿಕಾರಿ ಹಾಗೂ ಕೆಲವರು ಪಾಕಗ್ರಂಥಕಾರರು ಲೇಖನಿ ಹಿಡಿದುದರಿಂದ ಆ ಲೆಕ್ಕವನ್ನು ಸರಿಪಡಿಸಲು ಸಾಧ್ಯವಾಗಿದೆ.